ಜೋಗಿಮಟ್ಟಿ ರಸ್ತೆಯ ಭಾನುವಾರದ ತರಗತಿ: ‘ಮ್ಯಾಕ್‌ಬೆತ್’ ಮೊದಲ ಅಂಕದ ಓದು

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಮನೆಯೊಂದರ ಮಹಡಿಯಲ್ಲಿ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಭಾನುವಾರ ಬೆಳಿಗ್ಗೆ ನಾಟಕ ಓದಿಸುವ ತರಗತಿಯನ್ನು ನಡೆಸುತ್ತಿದ್ದಾರೆ. ಅದಕ್ಕೆ ಫಲಕವಿಲ್ಲ, ಜಾಹೀರಾತಿಲ್ಲ. ಓದಿ ಹೋದವರು ಹೇಳಿದ್ದನ್ನು ಕೇಳಿ ಹೊಸಬರು ಬರುತ್ತಾರೆ. ಈ ಸಲ ಅವರು ಕೈಗೆತ್ತಿಕೊಂಡದ್ದು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’, ಅದರಲ್ಲಿಯೂ ಮೊದಲನೆಯ ಅಂಕ ಮಾತ್ರ. ಐದು ಅಂಕಗಳ ನಾಟಕದಲ್ಲಿ ಒಂದೇ ಅಂಕಕ್ಕೆ ಇಡೀ ಅವಧಿಯನ್ನು ಮೀಸಲಿಡುತ್ತಾರೆಂದು ತಿಳಿದಾಗ ಪರೀಕ್ಷೆಯ ಆತಂಕದಲ್ಲಿದ್ದ ಕೆಲವರು ಸೇರಲು ಹಿಂಜರಿದರು. ನಾನು ಪೂರ್ತಿ ಕುಳಿತು ಕೇಳಿದೆ. ತರಗತಿಯಲ್ಲಿ ಕೊರತೆಗಳಿವೆ, ಅವನ್ನು ಮುಂದೆ ಬರೆಯುತ್ತೇನೆ. ಆದರೆ ಒಂದೇ ಅಂಕದಲ್ಲಿ ನಿಲ್ಲಬೇಕೆಂಬ ಅವರ ನಿರ್ಧಾರವೇ ಇದರ ಅತಿ ದೊಡ್ಡ ಗುಣವೆಂದು ನನಗೆ ಖಚಿತವಾಗಿದೆ.

ಬರುವವರಲ್ಲಿ ಹೆಚ್ಚಿನವರು ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಕಾಲೇಜುಗಳ ಪದವಿ ವಿದ್ಯಾರ್ಥಿಗಳು. ಹೊಳಲ್ಕೆರೆ, ಚಳ್ಳಕೆರೆ, ಹಿರಿಯೂರುಗಳಿಂದ ಬೆಳಗಿನ ಬಸ್ಸು ಹಿಡಿದು ಬರುವವರೂ ಇದ್ದಾರೆ. ಅವರ ಜೊತೆಗೆ ಕಾಲೇಜು ಅಧ್ಯಾಪಕರಾಗಲು ಬೇಕಾದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಓದುತ್ತಿರುವ ಒಂದಿಬ್ಬರು, ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತು ಬಂದ ಒಬ್ಬ ಯುವಕ, ಕಂಪನಿ ನಾಟಕಗಳನ್ನು ನೋಡಿ ಬೆಳೆದ ನನ್ನಂಥ ಕೆಲವು ಹಿರಿಯರು. ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ನಾಟಕವನ್ನು ಗೈಡಿನ ಸಾರಾಂಶದಲ್ಲಿ ಓದಿಕೊಂಡೇ ಬಂದಿರುತ್ತಾರೆ. ಮಾಟಗಾತಿಯರು ಭವಿಷ್ಯ ಹೇಳಿದರು, ಹೆಂಡತಿ ಪುಸಲಾಯಿಸಿದಳು, ಮ್ಯಾಕ್‌ಬೆತ್ ರಾಜನನ್ನು ಕೊಲ್ಲಲು ಒಪ್ಪಿದ ಎಂಬ ಮೂರು ವಾಕ್ಯಗಳಲ್ಲಿ ಅವರಿಗೆ ಮೊದಲ ಅಂಕ ಮುಗಿದಿರುತ್ತದೆ. ಈ ಮೂರು ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲದಿದ್ದರೂ ಅವುಗಳಿಂದ ನಾಟಕ ಅರ್ಥವಾಗುವುದಿಲ್ಲ ಎಂಬುದನ್ನು ತರಗತಿಯು ಸಾಲು ಸಾಲಾಗಿ ತೋರಿಸಿಕೊಡುತ್ತದೆ.

ಓದಿಸುವ ಕ್ರಮ ಸರಳವಾಗಿದೆ. ಪಾತ್ರಗಳನ್ನು ಹಂಚಿ ಇಡೀ ದೃಶ್ಯವನ್ನು ಮೊದಲು ತಡೆಯಿಲ್ಲದೆ ಗಟ್ಟಿಯಾಗಿ ಓದಿಸುತ್ತಾರೆ; ಎರಡನೆಯ ಓದಿನಲ್ಲಿ ನಿಲ್ಲಿಸಿ ಅರ್ಥ ಹೇಳುತ್ತಾರೆ; ಮೂರನೆಯ ಸಲ ಕುರ್ಚಿಗಳನ್ನು ಸರಿಸಿ, ಯಾರು ಎಲ್ಲಿ ನಿಂತಿದ್ದಾರೆ, ಯಾರ ಮಾತು ಯಾರಿಗೆ ಕೇಳಿಸುತ್ತದೆ, ಯಾರಿಗೆ ಕೇಳಿಸುವುದಿಲ್ಲ ಎಂಬುದನ್ನು ನಿಂತು ಮಾಡಿಸುತ್ತಾರೆ. ಮೇಜಿನ ಮೇಲೆ ಡಿ.ವಿ.ಜಿ.ಯವರ 1936ರ ಕನ್ನಡ ಅನುವಾದವನ್ನೂ ಇಟ್ಟಿರುತ್ತಾರೆ. ಇದೇ ನಾಟಕವು 1895ರಷ್ಟು ಹಿಂದೆಯೇ ಶ್ರೀಕಂಠೇಶಗೌಡರ ಕೈಯಲ್ಲಿ ‘ಪ್ರತಾಪರುದ್ರದೇವ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿತ್ತೆಂದು ಮೊದಲ ದಿನವೇ ತಿಳಿಸಿದಾಗ, ದೂರದ ಸ್ಕಾಟ್ಲೆಂಡಿನ ಕಥೆಯೆಂದು ಅಂಜಿದ್ದ ಮಕ್ಕಳ ಮುಖದಲ್ಲಿ ಧೈರ್ಯ ಮೂಡಿದ್ದನ್ನು ನಾನು ಕಂಡೆ.

ಮೊದಲನೆಯ ದೃಶ್ಯ ಹತ್ತು ಹನ್ನೆರಡು ಸಾಲು ಮಾತ್ರ. ಗುಡುಗು ಮಿಂಚಿನ ನಡುವೆ ಮೂವರು ಮಾಟಗಾತಿಯರು ಬಂದು, ಮತ್ತೆ ಸೇರುವುದು ಯಾವಾಗ, ಎಲ್ಲಿ ಎಂದು ಗೊತ್ತುಮಾಡಿಕೊಂಡು ಹೋಗುತ್ತಾರೆ. ಇಲ್ಲಿ ಮೇಷ್ಟ್ರು ಎರಡು ಸಂಗತಿಗಳನ್ನು ಗಮನಕ್ಕೆ ತಂದರು. ನಾಯಕನ ಹೆಸರನ್ನು ರಂಗದ ಮೇಲೆ ಮೊಟ್ಟಮೊದಲು ಉಚ್ಚರಿಸುವವರು ಈ ಮಾಟಗಾತಿಯರೇ ಎಂಬುದು ಒಂದು. ಅವರ ಮಾತಿನ ಲಯವು ಸಾಲಿಗೆ ನಾಲ್ಕು ಪೆಟ್ಟಿನ, ಮೊದಲ ಅಕ್ಷರಕ್ಕೇ ಒತ್ತು ಬೀಳುವ ಲಯವಾಗಿದ್ದು, ಉಳಿದ ಪಾತ್ರಗಳ ಐದು ಪೆಟ್ಟಿನ ನಡಿಗೆಗಿಂತ ಬೇರೆಯಾಗಿದೆ ಎಂಬುದು ಇನ್ನೊಂದು. ಮೇಜನ್ನು ಬೆರಳಿನಿಂದ ತಟ್ಟಿ ಎರಡನ್ನೂ ಕೇಳಿಸಿದ್ದರಿಂದ ಛಂದಸ್ಸೆಂದರೆ ಬೆದರುವ ವಿದ್ಯಾರ್ಥಿಗಳಿಗೂ ವ್ಯತ್ಯಾಸ ಕಿವಿಗೆ ಹತ್ತಿತು. ಒಳ್ಳೆಯದು ಕೆಟ್ಟದ್ದು ಅದಲುಬದಲಾಗುವ ಅವರ ಪ್ರಸಿದ್ಧ ಸಾಲನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ ಎಂದಷ್ಟೇ ಹೇಳಿ ಮುಂದಕ್ಕೆ ಹೋದರು.

ತರಗತಿಯ ನಿಜವಾದ ಸತ್ವ ಇರುವುದು ಎರಡನೆಯ ದೃಶ್ಯವನ್ನು ಓದಿಸಿದ ರೀತಿಯಲ್ಲಿ. ಗೈಡುಗಳು ಒಂದೇ ಸಾಲಿನಲ್ಲಿ ದಾಟಿಬಿಡುವ ದೃಶ್ಯ ಅದು. ದೊರೆ ಡಂಕನ್ ರಣರಂಗದಿಂದ ದೂರದಲ್ಲಿ ನಿಂತಿದ್ದಾನೆ. ರಕ್ತ ಸೋರುತ್ತಿರುವ ಸೈನಿಕನೊಬ್ಬ ಬಂದು, ದಂಗೆಯೆದ್ದ ಮ್ಯಾಕ್‌ಡೊನ್ವಾಲ್ಡನನ್ನು ಮ್ಯಾಕ್‌ಬೆತ್ ಹೊಕ್ಕುಳಿನಿಂದ ದವಡೆಯವರೆಗೆ ಸೀಳಿ, ತಲೆಯನ್ನು ಕೋಟೆಯ ಮೇಲೆ ನೆಟ್ಟನೆಂದು ವರದಿ ಮಾಡುತ್ತಾನೆ. ಇದನ್ನು ಕೇಳಿದ ದೊರೆಯ ಬಾಯಲ್ಲಿ ಬರುವುದು ಹೊಗಳಿಕೆ. ನಾಯಕನಿನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಅವನ ಕತ್ತಿಯ ಕೆಲಸ ಮಾತ್ರ ಕಿವಿಗೆ ಬಿದ್ದಿದೆ, ಅದಕ್ಕೆ ರಾಜ್ಯದ ಮನ್ನಣೆಯೂ ದೊರೆತಿದೆ. ಮುಂದೆ ಆಗಲಿರುವ ಕೊಲೆಯನ್ನು ಕುರಿತು ಯೋಚಿಸುವಾಗ, ಕೊಲ್ಲುವುದು ಈ ಮನುಷ್ಯನಿಗೆ ಹೊಸತಲ್ಲ, ಯಾರನ್ನು ಕೊಲ್ಲುತ್ತಾನೆ ಎಂಬುದು ಹೊಸತು ಎಂಬ ಎಚ್ಚರ ಈ ದೃಶ್ಯವನ್ನು ನಿಧಾನವಾಗಿ ಓದಿದವರಿಗೆ ಮಾತ್ರ ಇರುತ್ತದೆ.

ಇದೇ ದೃಶ್ಯದ ಕೊನೆಯಲ್ಲಿ ರಾಸ್ ಎಂಬ ಸರದಾರ ಬಂದು, ಕಾಡರ್ ಪ್ರಾಂತದ ಥೇನ್, ಅಂದರೆ ಅಲ್ಲಿನ ಒಡೆಯ, ನಾರ್ವೆಯ ದೊರೆಯೊಡನೆ ಸೇರಿ ದ್ರೋಹ ಬಗೆದನೆಂದು ತಿಳಿಸುತ್ತಾನೆ. ಡಂಕನ್ ಅವನಿಗೆ ಮರಣದಂಡನೆ ವಿಧಿಸಿ, ಅವನ ಪದವಿಯನ್ನು ಮ್ಯಾಕ್‌ಬೆತ್‌ಗೆ ಕೊಡುತ್ತಾನೆ. ಇದನ್ನು ಕೇಳಿಸಿಕೊಂಡೇ ನಾವು ಮೂರನೆಯ ದೃಶ್ಯದ ಬಂಜರು ಬಯಲಿಗೆ ಬರುತ್ತೇವೆ. ಅಲ್ಲಿ ಮಾಟಗಾತಿಯರು ಮ್ಯಾಕ್‌ಬೆತ್‌ನನ್ನು ಮೂರು ಸಲ ಜಯಕಾರ ಹಾಕಿ ಕರೆಯುತ್ತಾರೆ: ಗ್ಲಾಮಿಸ್‌ನ ಥೇನ್, ಕಾಡರ್‌ನ ಥೇನ್, ಮುಂದೆ ದೊರೆಯಾಗುವವನು. ಮೇಷ್ಟ್ರು ಇಲ್ಲಿ ಓದು ನಿಲ್ಲಿಸಿ, ಈ ಮೂರರಲ್ಲಿ ಯಾವುದು ಯಾರಿಗೆ ಮೊದಲೇ ಗೊತ್ತಿತ್ತು ಎಂದು ಒಬ್ಬೊಬ್ಬರನ್ನೂ ಕೇಳಿದರು. ತಂದೆಯ ಮರಣದಿಂದ ಗ್ಲಾಮಿಸ್ ತನಗೆ ಬಂದಿರುವುದು ಮ್ಯಾಕ್‌ಬೆತ್‌ಗೆ ಗೊತ್ತು. ಕಾಡರ್ ಅವನಿಗೆ ದೊರೆತಿರುವುದು ಅವನಿಗೆ ಗೊತ್ತಿಲ್ಲ, ಪ್ರೇಕ್ಷಕರಿಗೆ ಗೊತ್ತು. ಮೂರನೆಯದು ಇಬ್ಬರಿಗೂ ಗೊತ್ತಿಲ್ಲ. ಹಾಗಾದರೆ ಮೂರರಲ್ಲಿ ಭವಿಷ್ಯವಾಣಿ ಒಂದೇ. ಎರಡನೆಯದು ಅವನನ್ನು ಇನ್ನೂ ತಲುಪದ ಸುದ್ದಿ. ರಾಸ್ ಮತ್ತು ಆಂಗಸ್ ಬಂದು ಕಾಡರ್ ಪದವಿಯನ್ನು ತಿಳಿಸಿದ ಕೂಡಲೇ ಅವನು ಅದನ್ನು ದೈವದ ಪುರಾವೆಯೆಂದು ತಿಳಿಯುವುದನ್ನು ನೋಡುತ್ತ, ದೊರೆಯ ಆಜ್ಞೆಯನ್ನು ನಮ್ಮ ಕಿವಿಯಿಂದಲೇ ಕೇಳಿರುವ ನಮಗೆ ಅಲ್ಲಿಯೇ ಅವನ ಬಗ್ಗೆ ಭಯ ಹುಟ್ಟುತ್ತದೆ. ಎಷ್ಟೋ ವರ್ಷಗಳಿಂದ ಈ ನಾಟಕದ ಪರಿಚಯವಿದ್ದರೂ ಈ ಜೋಡಣೆಯನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿಟ್ಟವರನ್ನು ನಾನು ಕಂಡಿರಲಿಲ್ಲ.

ಪಠ್ಯದಲ್ಲಿ ಇಲ್ಲೊಂದು ಗಂಟು ಇದೆ. ರಾಸ್‌ನ ಮಾತಿನ ಪ್ರಕಾರ ಕಾಡರ್‌ನ ನೆರವಿದ್ದ ನಾರ್ವೆ ದೊರೆಯನ್ನು ರಣರಂಗದಲ್ಲಿ ಎದುರಿಸಿದವನು ಮ್ಯಾಕ್‌ಬೆತ್ ಎಂದೇ ಅರ್ಥವಾಗುತ್ತದೆ. ಆದರೆ ಮುಂದಿನ ದೃಶ್ಯದಲ್ಲಿ ಅವನು, ಕಾಡರ್ ಚೆನ್ನಾಗಿಯೇ ಬದುಕಿದ್ದಾನಲ್ಲ ಎಂದು ಅಚ್ಚರಿಪಡುತ್ತಾನೆ. ಕಾಡರ್‌ನ ನೆರವು ಗುಟ್ಟಾಗಿ ನಡೆದಿರಬೇಕೆಂದು ಕೆಲವರು ಓದುತ್ತಾರೆ. ನಾಟಕವು 1623ರಲ್ಲಿ, ಕವಿ ತೀರಿಕೊಂಡ ಏಳು ವರ್ಷಗಳ ನಂತರ, ಅವನ ನಾಟಕಗಳನ್ನು ಒಟ್ಟುಗೂಡಿಸಿದ ಫೋಲಿಯೊ ಸಂಪುಟದಲ್ಲಿ ಮೊದಲ ಬಾರಿಗೆ ಅಚ್ಚಾದದ್ದರಿಂದ, ಅಷ್ಟರೊಳಗೆ ಪಠ್ಯಕ್ಕೆ ಕತ್ತರಿ ಬಿದ್ದಿರಬಹುದೆಂದು ವಾದಿಸುವವರೂ ಇದ್ದಾರೆ. ಮೇಷ್ಟ್ರು ಈ ಎರಡು ಅಭಿಪ್ರಾಯಗಳನ್ನೂ ಹೇಳಿ, ಯಾವುದನ್ನೂ ಹೇರದೆ ಬಿಟ್ಟರು. ನೋಟ್ಸಿನಲ್ಲಿ ಒಂದೇ ಉತ್ತರ ಬೇಕೆನ್ನುವ ವಿದ್ಯಾರ್ಥಿಗಳಿಗೆ ಇದರಿಂದ ಇರುಸುಮುರುಸಾಯಿತು. ಆದರೂ ಓದುವವರನ್ನು ಗೌರವಿಸುವ ರೀತಿ ಇದೇ ಎಂದು ನನಗೆ ಅನಿಸಿತು.

ಮೂರನೆಯ ದೃಶ್ಯದ ಚರ್ಚೆಯ ನಡುವೆ ಹೊಳಲ್ಕೆರೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಅವನದ್ದೇನು ತಪ್ಪು? ರಾಜನಾಗ್ತೀಯ ಅಂತ ತಲೆಗೆ ತುಂಬಿದ್ದು ಅವರೇ ತಾನೆ?” ಎಂದು ಕೇಳಿದಳು. ಮೇಷ್ಟ್ರು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ, “ಕೊಲ್ಲು ಅಂತ ಅವರು ಹೇಳಿದ ಸಾಲು ಎಲ್ಲಿದೆ, ತೋರಿಸಮ್ಮ” ಎಂದರು. ಅವಳು ದೃಶ್ಯವನ್ನು ಮೊದಲಿನಿಂದ ಹುಡುಕಿದಳು, ಉಳಿದವರೂ ಹುಡುಕಿದರು. ಅಂಥ ಸಾಲಿಲ್ಲ. ಕೊಲೆ ಎಂಬ ಮಾತು ಮೊದಲು ಬರುವುದು ಮ್ಯಾಕ್‌ಬೆತ್ ತನ್ನೊಳಗೆ ಆಡಿಕೊಳ್ಳುವ ಸ್ವಗತದಲ್ಲಿ. ತನ್ನ ಕಲ್ಪನೆಯನ್ನು ಕಂಡು ತನಗೇ ಕೂದಲು ನೆಟ್ಟಗಾಗುತ್ತಿದೆ, ಎದೆ ಪಕ್ಕೆಲುಬಿಗೆ ಬಡಿಯುತ್ತಿದೆ ಎಂದು ಅವನು ಹೇಳಿಕೊಳ್ಳುವಲ್ಲಿ. ಮಾಟಗಾತಿಯರ ಅದೇ ಮಾತನ್ನು ಕೇಳಿದ, ಅವನ ಜೊತೆಯ ಸೇನಾನಿ ಬ್ಯಾಂಕೊ ಪಕ್ಕದಲ್ಲಿಯೇ ಇದ್ದಾನೆ. ತನ್ನ ಸಂತತಿ ದೊರೆಗಳಾಗುವುದೆಂಬ ಭವಿಷ್ಯ ಅವನಿಗೂ ಸಿಕ್ಕಿದೆ. ಆದರೆ ಅವನು, ಕತ್ತಲೆಯ ಶಕ್ತಿಗಳು ಚಿಕ್ಕ ಸತ್ಯಗಳಿಂದ ನಮ್ಮನ್ನು ಒಲಿಸಿಕೊಂಡು ದೊಡ್ಡ ವಿಷಯದಲ್ಲಿ ಮೋಸಮಾಡುತ್ತವೆ ಎಂದು ಎಚ್ಚರಿಸುತ್ತಾನೆ. ಇಬ್ಬರು ಸೇನಾನಿಗಳನ್ನು ಅಕ್ಕಪಕ್ಕ ನಿಲ್ಲಿಸಿ ಈ ಭಾಗವನ್ನು ಮಾಡಿಸಿದಾಗ, ಒಂದೇ ಮಾತಿಗೆ ಇಬ್ಬರು ಕೊಡುವ ಬೇರೆ ಬೇರೆ ಉತ್ತರಗಳೇ ಈ ಅಂಕದ ಬೆನ್ನೆಲುಬೆಂಬುದು ಎಲ್ಲರಿಗೂ ತಿಳಿಯಿತು.

ಬ್ಯಾಂಕೊನ ಸಂತತಿಯ ಮಾತಿನ ನೆಪದಲ್ಲಿ ಚರಿತ್ರೆಯನ್ನೂ ಅಗತ್ಯವಿದ್ದಷ್ಟು ಹೇಳಿದರು. 1603ರಲ್ಲಿ ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದನು. ಅವನ ವಂಶದವರು ತಾವು ಬ್ಯಾಂಕೊನ ಸಂತತಿಯೆಂದು ಹೇಳಿಕೊಳ್ಳುತ್ತಿದ್ದರು. ಮಾಟದ ಬಗ್ಗೆ ಅವನು 1597ರಲ್ಲಿ ಒಂದು ಗ್ರಂಥವನ್ನೇ ಬರೆದಿದ್ದನು. 1605ರ ನವೆಂಬರಿನಲ್ಲಿ ಅವನನ್ನೂ ಪಾರ್ಲಿಮೆಂಟನ್ನೂ ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾಯಿತು. ಈ ನಾಟಕ ಸುಮಾರು 1606ರದ್ದೆಂಬುದನ್ನು ಇವುಗಳ ಪಕ್ಕದಲ್ಲಿಟ್ಟರೆ, ದೊರೆಯ ಕೊಲೆ ಎಂಬ ವಿಷಯ ಅಂದಿನ ಪ್ರೇಕ್ಷಕರಿಗೆ ಎಷ್ಟು ಹತ್ತಿರದ್ದಾಗಿತ್ತೆಂದು ಊಹಿಸಬಹುದು. ಕವಿ ಆಧಾರವಾಗಿಟ್ಟುಕೊಂಡ ಹಾಲಿನ್‌ಶೆಡ್‌ನ ಇತಿಹಾಸದಲ್ಲಿ ಬ್ಯಾಂಕೊ ಸಂಚಿನಲ್ಲಿ ಪಾಲುದಾರ. ನಾಟಕದಲ್ಲಿ ಅವನು ನಿರ್ದೋಷಿ. ಚರಿತ್ರೆಯ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಆಳಿದವನು ಎಂಬುದನ್ನೂ ಸೇರಿಸಿದರು.

ನಾಲ್ಕನೆಯ ದೃಶ್ಯದಲ್ಲಿ ದುರ್ಗದ ನೆಲದ ನೆನಪು ತರಗತಿಯೊಳಗೆ ಬಂತು. ಮುಖ ನೋಡಿ ಮನಸ್ಸನ್ನು ತಿಳಿಯುವ ವಿದ್ಯೆಯಿಲ್ಲ, ಕಾಡರ್‌ನ ಮೇಲೆ ನಾನು ಪೂರ್ಣ ನಂಬಿಕೆಯಿಟ್ಟಿದ್ದೆ ಎಂದು ಡಂಕನ್ ಹೇಳುತ್ತಿರುವಾಗಲೇ ಮ್ಯಾಕ್‌ಬೆತ್ ಪ್ರವೇಶಿಸುತ್ತಾನೆ. ಆ ಪ್ರವೇಶವನ್ನು ಮೇಷ್ಟ್ರು ಬೇಕೆಂದೇ ಮತ್ತೆ ಮತ್ತೆ ಮಾಡಿಸಿದರು: ದೊರೆಯ ಮಾತಿನ ಕೊನೆಗೂ ಹೆಜ್ಜೆಯ ಸದ್ದಿಗೂ ನಡುವೆ ಬಿಡುವಿದ್ದರೆ ಅರ್ಥ ಬಡವಾಗುತ್ತದೆ. ಆಮೇಲೆ ಡಂಕನ್ ತನ್ನ ಹಿರಿಯ ಮಗ ಮಾಲ್ಕಮ್‌ನನ್ನು ಕಂಬರ್ಲೆಂಡಿನ ರಾಜಕುಮಾರನೆಂದು, ಅಂದರೆ ಉತ್ತರಾಧಿಕಾರಿಯೆಂದು ಸಾರುತ್ತಾನೆ. ಹಳೆಯ ಸ್ಕಾಟ್ಲೆಂಡಿನಲ್ಲಿ ಪಟ್ಟವು ತಂದೆಯಿಂದ ಮಗನಿಗೆ ತಾನಾಗಿ ಹೋಗುತ್ತಿರಲಿಲ್ಲ, ರಾಜಮನೆತನದ ಸಮರ್ಥರಲ್ಲಿ ಒಬ್ಬನಿಗೆ ಸಲ್ಲುತ್ತಿತ್ತು ಎಂಬುದನ್ನು ತಿಳಿದ ಮೇಲೆ ಈ ಘೋಷಣೆ ಮ್ಯಾಕ್‌ಬೆತ್‌ಗೆ ಯಾಕೆ ಇರಿಯುತ್ತದೆ ಎಂಬುದು ತಿಳಿಯುತ್ತದೆ. ಅದೃಷ್ಟವಿದ್ದರೆ ನಾನು ಕೈಹಾಕದೆಯೂ ಕಿರೀಟ ಬರಲಿ ಎಂದು ಹಿಂದಿನ ದೃಶ್ಯದಲ್ಲಿ ಅಂದುಕೊಂಡವನು ಈಗ, ನಕ್ಷತ್ರಗಳೇ ನಿಮ್ಮ ಬೆಳಕನ್ನು ಮುಚ್ಚಿಕೊಳ್ಳಿ ಎನ್ನುತ್ತಾನೆ. ಈ ಸಂದರ್ಭದಲ್ಲಿ ಮೇಷ್ಟ್ರು 17ನೆಯ ಶತಮಾನದ ಕೊನೆಯಲ್ಲಿ ಚಿತ್ರದುರ್ಗದ ಗದ್ದುಗೆಯ ಮೇಲೆ ತನಗೆ ಬೇಕಾದವರನ್ನು ಕೂರಿಸಿ ಬೇಡಾದವರನ್ನು ಇಳಿಸಿದ ದಳವಾಯಿ ಮುದ್ದಣ್ಣನನ್ನು ನೆನಪಿಸಿದರು. ಕೋಟೆಯನ್ನು ದಿನವೂ ನೋಡುವ ಮಕ್ಕಳಿಗೆ ಆ ಕಥೆ ಗೊತ್ತಿತ್ತು. ಆದರೆ ಅವರು ಹೋಲಿಕೆಯನ್ನು ಎಳೆದಾಡಲಿಲ್ಲ. ಮುದ್ದಣ್ಣ ಗದ್ದುಗೆಯ ಹಿಂದೆ ನಿಂತು ಆಳಿದವನು, ಮ್ಯಾಕ್‌ಬೆತ್‌ಗೆ ಗದ್ದುಗೆಯೇ ಬೇಕು ಎಂಬ ವ್ಯತ್ಯಾಸವನ್ನು ಹೇಳಿ ಪಠ್ಯಕ್ಕೆ ಮರಳಿದರು. ಸ್ಥಳೀಯ ಉದಾಹರಣೆಯನ್ನು ಬಳಸುವ ಹದ ಅದು.

ನನ್ನ ಮೊದಲ ಆಕ್ಷೇಪ ಐದನೆಯ ದೃಶ್ಯದ ಪಾಠದ ಬಗ್ಗೆ. ಆ ಭಾಗವನ್ನು ಮೇಷ್ಟ್ರ ಬದಲು ಅವರಿಗೆ ನೆರವಾಗುವ ಕಿರಿಯ ಅಧ್ಯಾಪಕರೊಬ್ಬರು ತೆಗೆದುಕೊಂಡರು. ಲೇಡಿ ಮ್ಯಾಕ್‌ಬೆತ್ ಗಂಡನ ಪತ್ರವನ್ನು ಓದುತ್ತ ಬರುವುದು, ಅದುವರೆಗೆ ಪದ್ಯದಲ್ಲಿ ನಡೆದಿದ್ದ ನಾಟಕ ಆ ಪತ್ರದಲ್ಲಿ ಗದ್ಯಕ್ಕೆ ಇಳಿಯುವುದು, ಪತ್ರದಲ್ಲಿ ಕೊಲೆಯ ಸುಳಿವೇ ಇಲ್ಲದಿದ್ದರೂ ಅವಳು ನೇರವಾಗಿ ಅಲ್ಲಿಗೇ ತಲುಪುವುದು, ಇವನ್ನೆಲ್ಲ ಚೆನ್ನಾಗಿಯೇ ವಿವರಿಸಿದರು. ಆದರೆ ಕೊನೆಗೆ, ಹೆಂಡತಿಯ ಮಾತು ಕೇಳಿ ಕೆಟ್ಟ ಗಂಡ ಎಂಬ ತೀರ್ಪು ಕೊಟ್ಟು ಮುಗಿಸಿಬಿಟ್ಟರು. ಹಿಂದಿನ ತರಗತಿಯಲ್ಲಿ ಮಾಟಗಾತಿಯರ ವಿಷಯಕ್ಕೆ ಯಾವ ಪ್ರಶ್ನೆ ಕೇಳಲಾಗಿತ್ತೋ ಅದನ್ನೇ ಇಲ್ಲಿಯೂ ಕೇಳಬೇಕಿತ್ತು. ಅವಳು ಪತ್ರವನ್ನು ಓದುವ ಹೊತ್ತಿಗೆ ಅವನು ಕೊಲೆಯನ್ನು ಕಲ್ಪಿಸಿಕೊಂಡಾಗಿದೆ, ನಕ್ಷತ್ರಗಳಿಗೆ ಕಣ್ಣು ಮುಚ್ಚಲು ಹೇಳಿಯೂ ಆಗಿದೆ. ಏಳನೆಯ ದೃಶ್ಯದಲ್ಲಿ ಅವಳು, ಈ ಕೆಲಸವನ್ನು ನನಗೆ ಮೊದಲು ತಿಳಿಸಿದವನು ನೀನೇ, ಆಗ ಕಾಲವೂ ಸ್ಥಳವೂ ಒದಗಿರಲಿಲ್ಲ, ಆದರೂ ಒದಗಿಸಿಕೊಳ್ಳುವೆನೆಂದು ನೀನು ಹೇಳಿದ್ದೆ ಎಂದು ಅವನನ್ನು ಹಿಡಿದು ನಿಲ್ಲಿಸುತ್ತಾಳೆ. ಈ ಮಾತನ್ನು ನಂಬುವುದಾದರೆ ಬೀಜ ಬಿತ್ತಿದವರು ಯಾರೆಂಬ ಪ್ರಶ್ನೆ ಪೂರ್ತಿ ತೆರೆದುಕೊಳ್ಳುತ್ತದೆ. ಅವಳ ಪಾಲು ಸಣ್ಣದೆಂದು ನಾನು ಹೇಳುತ್ತಿಲ್ಲ. ತನ್ನೊಳಗಿನ ಹೆಣ್ತನವನ್ನೂ ಕರುಣೆಯನ್ನೂ ಕಿತ್ತುಹಾಕಿರೆಂದು ಅವಳು ದುಷ್ಟಶಕ್ತಿಗಳನ್ನು ಬೇಡುವ ಸಾಲುಗಳು ಎಂಥವರನ್ನೂ ನಡುಗಿಸುತ್ತವೆ. ಆದರೆ ಕರುಣೆ ತನಗೆ ಅಡ್ಡಬರುತ್ತದೆಂದು ಗೊತ್ತಿರುವವಳು ಮಾತ್ರ ಹಾಗೆ ಬೇಡಿಕೊಳ್ಳಬಲ್ಲಳು. ಎದುರಿಗೆ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿದ್ದರು. ಅವರಿಗೆ ಆ ತೀರ್ಪಿನ ಬದಲು ಈ ಸಾಲುಗಳು ಸಿಗಬೇಕಿತ್ತು.

ಆರನೆಯದು ಚಿಕ್ಕ ದೃಶ್ಯ. ಮ್ಯಾಕ್‌ಬೆತ್‌ನ ಇನ್ವರ್ನೆಸ್ ಕೋಟೆಯ ಬಾಗಿಲಿಗೆ ಬಂದ ಡಂಕನ್ ಅಲ್ಲಿನ ಗಾಳಿಯನ್ನು ಮೆಚ್ಚುತ್ತಾನೆ. ಗೋಡೆಯ ಸಂದುಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ಬ್ಯಾಂಕೊ ತೋರಿಸುತ್ತಾನೆ. ಸ್ವಲ್ಪ ಮೊದಲು ಅದೇ ಕೋಟೆಯ ಮೇಲೆ ಕಾಗೆಯ ಕರ್ಕಶ ಕೂಗನ್ನು ಲೇಡಿ ಮ್ಯಾಕ್‌ಬೆತ್ ಕೇಳಿಸಿಕೊಂಡಿದ್ದಳೆಂಬುದನ್ನು ನೆನಪಿಸಿ ತರಗತಿ ಮುಂದೆ ಹೋಯಿತು.

ಏಳನೆಯ ದೃಶ್ಯಕ್ಕೆ ಮೇಷ್ಟ್ರು ಮರಳಿ ಬಂದರು, ತರಗತಿ ಮತ್ತೆ ಏರಿತು. ಸೇವಕರು ಊಟದ ತಟ್ಟೆಗಳನ್ನು ಹೊತ್ತು ರಂಗವನ್ನು ದಾಟುತ್ತಾರೆ. ಒಳಗೆ ದೊರೆ ಊಟಕ್ಕೆ ಕುಳಿತಿದ್ದಾನೆ. ಆತಿಥ್ಯ ನೀಡಬೇಕಾದವನು ಪಂಕ್ತಿಯಿಂದ ಎದ್ದು ಹೊರಗೆ ಬಂದು ಒಬ್ಬನೇ ನಿಂತಿದ್ದಾನೆ. ಪಂಕ್ತಿಯಿಂದ ನಡುವೆ ಏಳುವುದು ಎಂಥ ಅಪಚಾರವೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅವನ ಸ್ವಗತದ ವಾದವನ್ನು ಮೇಷ್ಟ್ರು ಹಂತ ಹಂತವಾಗಿ ಬಿಡಿಸಿದರು. ಹೊಡೆತದೊಂದಿಗೇ ಎಲ್ಲ ಮುಗಿಯುವುದಾದರೆ ಪರಲೋಕದ ಮಾತನ್ನು ಪಣಕ್ಕಿಡಬಹುದಿತ್ತು. ಆದರೆ ರಕ್ತದ ಪಾಠ ಕಲಿಸಿದವನಿಗೇ ಅದು ಇಲ್ಲಿಯೇ ತಿರುಗಿ ಬರುತ್ತದೆ. ಡಂಕನ್ ತನ್ನ ಬಂಧು, ತನ್ನ ದೊರೆ, ತನ್ನ ಅತಿಥಿ. ಮೇಲಾಗಿ ಅವನು ಸಾತ್ವಿಕನಾಗಿ ಆಳಿದವನು. ಅವನ ಸಾವಿಗೆ ಕರುಣೆಯು ಹಸುಗೂಸಿನ ರೂಪದಲ್ಲಿ ಬಿರುಗಾಳಿಯನ್ನೇರಿ ಬಂದು ಲೋಕದ ಕಣ್ಣಲ್ಲಿ ನೀರು ತರಿಸೀತು. ಕಾರಣಗಳನ್ನೆಲ್ಲ ಎಣಿಸಿ ನೋಡಿದರೆ ಕೊಲ್ಲುವುದರ ಕಡೆಗೆ ಉಳಿಯುವುದು ಮಹತ್ವಾಕಾಂಕ್ಷೆಯೊಂದೇ; ಅದೂ ಕುದುರೆಯನ್ನೇರಲು ಹಾರಿ ಆಚೆ ಬದಿಗೆ ಬೀಳುವಂಥದು. ಇಷ್ಟು ಸ್ಪಷ್ಟವಾಗಿ ತಿಳಿದವನು, ಇನ್ನು ಮುಂದುವರಿಯುವುದು ಬೇಡ ಎಂದು ಹೆಂಡತಿಗೆ ಹೇಳಿದವನು, ಅದೇ ದೃಶ್ಯ ಮುಗಿಯುವುದರೊಳಗೆ ಒಪ್ಪಿಬಿಡುತ್ತಾನೆ. ಅವಳು ಅವನ ನೀತಿಯ ವಾದಕ್ಕೆ ಉತ್ತರವನ್ನೇ ಕೊಡುವುದಿಲ್ಲ, ಅವನ ಗಂಡಸುತನವನ್ನು ಕೆಣಕುತ್ತಾಳೆ. ಅವನು ಮತ್ತೆ ಬಾಯಿ ಬಿಟ್ಟಾಗ ಕೇಳುವುದು ಸೋತರೆ ಏನು ಗತಿ ಎಂಬುದನ್ನು ಮಾತ್ರ. ಸರಿಯೇ ತಪ್ಪೇ ಎಂಬ ಪ್ರಶ್ನೆ ಸಾಧ್ಯವೇ ಅಸಾಧ್ಯವೇ ಎಂಬ ಪ್ರಶ್ನೆಯಾಗಿ ಬದಲಾದ ಆ ಕ್ಷಣವನ್ನು ಸಾಣೇಹಳ್ಳಿಯ ಯುವಕನ ಕೈಯಲ್ಲಿ ಅಭಿನಯಿಸಿ ತೋರಿಸಿದ್ದು ಇಡೀ ತರಗತಿಯ ಶಿಖರವಾಗಿತ್ತು.

ಇನ್ನು ವ್ಯವಸ್ಥೆಯ ಮಾತು. ಶುಲ್ಕ ವಿದ್ಯಾರ್ಥಿಗಳಿಗೆ ಭಾರವಾಗದಷ್ಟಿದೆ. ಆಗದವರಿಂದ ತೆಗೆದುಕೊಳ್ಳುವುದೂ ಇಲ್ಲ. ಹಂಚುವ ಜೆರಾಕ್ಸ್ ಪ್ರತಿಗಳಲ್ಲಿ ಪುಟದ ಕೆಳಗಿನ ಟಿಪ್ಪಣಿಗಳು ಅರ್ಧಕ್ಕೆ ಕತ್ತರಿಸಿ ಹೋಗಿವೆ. ಹಳೆಯ ಇಂಗ್ಲಿಷಿನ ಪದಗಳಿಗೆ ಆ ಟಿಪ್ಪಣಿಗಳೇ ಆಧಾರವಾಗಿರುವ ಮಕ್ಕಳಿಗೆ ಇದು ಸಣ್ಣ ತೊಂದರೆಯಲ್ಲ. ರಸ್ತೆಯ ಕಡೆಯ ಕಿಟಕಿಗಳಿಂದ ವಾಹನಗಳ ಸದ್ದು ಬರುವುದರಿಂದ ಹಿಂದಿನ ಸಾಲಿನವರಿಗೆ ಓದು ಕೇಳಿಸುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಧ್ವನಿಮುದ್ರಣಗಳಲ್ಲಿ ವಿವರಣೆ ಮಾತ್ರ ಇದ್ದು, ವಿದ್ಯಾರ್ಥಿಗಳು ಪಾತ್ರ ಹಂಚಿಕೊಂಡು ಓದಿದ ಭಾಗಗಳಿಲ್ಲ. ಅವನ್ನೂ ಸೇರಿಸಬೇಕು, ಏಕೆಂದರೆ ಊರಿನಿಂದ ಬರಲಾಗದ ದಿನ ವಿದ್ಯಾರ್ಥಿಗೆ ಬೇಕಾಗುವುದು ಆ ಓದೇ.

ಪರೀಕ್ಷೆಗೆ ವಾರವಿರುವಾಗ ಐದು ಮಾರ್ಕಿನ ಉತ್ತರ ಹುಡುಕುವವರಿಗೆ ಈ ತರಗತಿ ಉಪಯೋಗವಾಗದು. ವರ್ಷದ ಆರಂಭದಲ್ಲಿಯೇ ಸೇರುವ ಪದವಿ ವಿದ್ಯಾರ್ಥಿಗಳಿಗೆ, ಈ ನಾಟಕವನ್ನು ಕನ್ನಡದಲ್ಲಿ ಆಡಬಯಸುವ ಹವ್ಯಾಸಿ ತಂಡಗಳಿಗೆ, ಪಾಠ ಹೇಳುವ ಕಿರಿಯ ಅಧ್ಯಾಪಕರಿಗೆ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಎರಡನೆಯ ಅಂಕವನ್ನು ಇದೇ ಕ್ರಮದಲ್ಲಿ ಓದಿಸಬೇಕೆಂದು ನಾವು ಕೆಲವರು ಮೇಷ್ಟ್ರನ್ನು ಕೇಳಿಕೊಂಡಿದ್ದೇವೆ. ಅದರಲ್ಲಿ ಲೇಡಿ ಮ್ಯಾಕ್‌ಬೆತ್‌ಳ ದೃಶ್ಯಗಳನ್ನು ಅವರೇ ತೆಗೆದುಕೊಳ್ಳಬೇಕೆಂಬ ಕೋರಿಕೆಯನ್ನೂ ಅವರ ಮುಂದಿಟ್ಟಿದ್ದೇವೆ.